ಪವರ್ ಎಷ್ಟು?

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಮೆಟ್ಟಿಲು ಹತ್ತಿ
ನನ್ನ ಅಂಗಡಿಗೆ ಬಂದವರು ಮೊದಲು ಕೇಳುವುದು ಇದೇ:
'ಪವರ್ ಉಂಟಾ?'
ಕಣ್ಣಿನದೋ ಕರೆಂಟಿನದೋ ತಿಳಿಯದೆ
ಎರಡಕ್ಕೂ ಸೇರಿಸಿ ತಲೆಯಾಡಿಸುತ್ತೇನೆ.

ಮಾರ್ಚ್ ತಿಂಗಳು. ಹೂಮಳೆ ಬಂದಿಲ್ಲ.
ಕೆರೆಯ ಬಾಯಿಗೆ ಪೈಪು ಇಟ್ಟುಕೊಂಡು
ತೋಟದವರೆಲ್ಲ ತ್ರೀ ಫೇಸಿಗೆ ಕಾಯುತ್ತಿದ್ದಾರೆ.
ಈ ಒಂದು ತಿಂಗಳು
ಲೈನ್‌ಮ್ಯಾನ್ ಲೋಕಯ್ಯನ ಮುಂದೆ
ಎಂಎಲ್‌ಎಯ ಪವರೂ ಏನಲ್ಲ;
ಫೋನ್ ಎತ್ತದೇ ಇರುವ ಪವರ್ ಅಂಥದ್ದು.

ನನ್ನ ಗಾಜಿನ ಪೆಟ್ಟಿಗೆಯೊಳಗೆ ಮಾತ್ರ ಲೆಕ್ಕ ತಿರುವುಮುರುವು.
ಇಲ್ಲಿ ಪವರ್ ಏರಿತೆಂದರೆ ಕಣ್ಣು ಇಳಿಯಿತೆಂದು.
ಸೊನ್ನೆ ಪವರಿನವನೇ ಸುಖಿ,
ಆಚೆ ಬೆಟ್ಟದ ಮರದಲ್ಲಿ ಜೇನುಹಟ್ಟಿ ಎಣಿಸಬಲ್ಲ.
ಇದನ್ನು ಹವಾಲ್ದಾರ್ ಉತ್ತಯ್ಯನವರಿಗೆ ಹೇಳಿ ನೋಡಿ!
'ಹೆಚ್ಚಾಗಿದೆಯಾ? ಭೇಷ್' ಎಂದು ಮೀಸೆ ತೀಡಿದರು.
ಆಮೇಲೆ ಮೆಲ್ಲಗೆ, ಹೊರಗೆ ಕೂತ ಹೆಂಡತಿಗೆ ಕೇಳಿಸದಂತೆ:
'ಕೈಲ್‌ಪೊಳ್ದಿಗೆ ಕೋವಿ ಎತ್ತಿದರೆ ತೆಂಗಿನಕಾಯಿ ಎರಡು ಕಂಡಿತು.
ಯಾವುದಕ್ಕೂ ಬೇಸರವಾಗಬಾರದೆಂದು
ನಡುವಿಗೆ ಹೊಡೆದೆ.'

ಚೋಮಿಗೆ ಅಕ್ಷರ ಬಾರದು. ಗೋಡೆಯ ಹಲಗೆ ತಿರುಗಿಸಿದೆ.
ಹಿಂಬದಿಯಲ್ಲಿ ಮೂರು ಕಾಲಿನ ಗುರುತುಗಳು;
ಕಾಲು ಯಾವ ಕಡೆಗೆಂದು ಬೆರಳು ತೋರಿಸಬೇಕು.
ಕಾಫಿ ಕೊಯ್ದು ಕಪ್ಪಾದ ಬೆರಳು
ಕೊನೆಯ ಸಾಲಿನವರೆಗೂ ತಪ್ಪಲಿಲ್ಲ.
'ನಿನಗೇಕೆ ಕನ್ನಡಕ?'
'ಬೇಲಿ ತಂತೀಲಿ ಪವರ್ ಉಂಟೋ ಇಲ್ವೋ ಕಾಣ್ಬೇಕು ಅಯ್ಯಾ.
ಆನೆಗೆ ಕಾಣ್ತದೆ. ಒಣಮರ ತಂದು ತಂತಿ ಮೇಲೆ ಕೆಡವಿ ದಾಟ್ತದೆ.
ನನ್ನ ಗಂಡನಿಗೆ ಕಾಣ್ಲಿಲ್ಲ.'
ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಗಾಜಿರಲಿಲ್ಲ.
ಹಣ ಬೇಡವೆಂದೆ.
ಪರೀಕ್ಷೆಗೆ ಯಾರಿಗೂ ಹಣವಿಲ್ಲವೆಂದು
ಬೋರ್ಡು ಓದಲಾಗದ ಅವಳಿಗೂ ಗೊತ್ತಿತ್ತು.

ಮಧ್ಯಾಹ್ನದ ಮೇಲೆ ಬಂದವರು ಚೋಂದಮ್ಮ.
ಮೈದುನ ಮುದ್ದಪ್ಪ ಕೆಳಗೆ ಜೀಪಿನಲ್ಲಿ ಹಾರ್ನ್ ಒತ್ತುತ್ತಿದ್ದ,
ರಿಜಿಸ್ಟ್ರಾರ್ ಆಫೀಸು ಮುಚ್ಚುವ ಹೊತ್ತು.
'ಸಹಿ ಹಾಕುವಷ್ಟು ಕಂಡರೆ ಸಾಕಂತೆ' ಎಂದರು
ಪಾಠ ಒಪ್ಪಿಸುವ ಹುಡುಗಿಯಂತೆ.

ಒಂದು. ಒಂದೂವರೆ. ಎರಡು.
ಗಾಜು ಬದಲಿಸುತ್ತಿರುವಾಗ ಕರೆಂಟು ಹೋಯಿತು.
ಎದ್ದರು. ಆ ಭಾರದ ಚೌಕಟ್ಟು ಮೂಗಿನ ಮೇಲಿದ್ದಂತೆಯೇ
ಕಿಟಕಿಗೆ ನಡೆದು ಚೀಲದಿಂದ ಛಾಪಾಕಾಗದ ತೆಗೆದರು.
ನಾನು ಹಿಂದೆಯೇ ಹೋಗಿ ಎರಡೂವರೆ ಹಾಕಿದೆ.
ತುಟಿ ಅಲ್ಲಾಡಿತು. ಮೊದಲ ಸಾಲಿನಲ್ಲೇ ಆ ಶಬ್ದ,
ದಪ್ಪ ಕನ್ನಡ ಅಕ್ಷರದಲ್ಲಿ: ಜನರಲ್ ಪವರ್ ಆಫ್ ಅಟಾರ್ನಿ.
'ನನ್ನ ಪವರ್ ಅವನಿಗೆ ಅಂತಲಾ ಇದು?'
ನಾನು ಕಣ್ಣಿನವನು, ಕಾನೂನಿನವನಲ್ಲ.
'ಹಾಗೇ ಕಾಣ್ತದೆ, ಅಕ್ಕ.'
'ನನಗೆ ಉಂಟೂಂತ
ಇದುವರೆಗೆ ಯಾರೂ ಹೇಳಿಯೇ ಇರ್ಲಿಲ್ಲ.'

ಎರಡನೆಯ ಪುಟ. ಮೂರನೆಯದು.
ಗದ್ದೆ, ಸರ್ವೆ ನಂಬರು; ಮಾರಲು, ಅಡವಿಡಲು, ಮರ ಕಡಿಯಲು.
ಹಾರ್ನ್ ಮತ್ತೆ ಮೂರು ಸಲ.
ಅವರು ಬೆರಳಿಟ್ಟು ಓದುತ್ತಲೇ ಇದ್ದರು
ಅಕ್ಕಿಯಲ್ಲಿ ಕಲ್ಲು ಆರಿಸುವ ನಿಧಾನದಲ್ಲಿ.

ಫ್ರೇಮು ತೋರಿಸಿದೆ. ಅಗ್ಗದ್ದನ್ನೇ ಬಗ್ಗಿಸಿ ನೋಡಿ ತೆಗೆದುಕೊಂಡರು.
'ಯಾವಾಗ ಸಿಗ್ತದೆ?'
'ಗಾಜು ಮೈಸೂರಿಂದ ಬರಬೇಕು. ಗುರುವಾರ.'
'ಹಾಗಾದ್ರೆ ಗುರುವಾರದವರೆಗೆ ನನಗೆ ಏನೂ ಕಾಣೋದಿಲ್ಲ'
ಎಂದು ಕಾಗದ ಮಡಚಿ, ಗೋಡೆ ತಡಕಿ,
ಪೂರಾ ಕುರುಡಿಯ ಹಾಗೆ ಇಳಿಯತೊಡಗಿದರು.

ಕೆಳಗಿನಿಂದ ನಾಲ್ಕನೆಯ ಮೆಟ್ಟಿಲು ಮುರಿದಿದೆ.
ಅದನ್ನು ಸರಿಯಾಗಿ ದಾಟಿದರು.